ಬೆಳಕಿಂಡಿಯಿಂದ ಎಲ್‌ಇಡಿವರೆಗೆ: ಕೆಲಸದ ಜಾಗದಲ್ಲಿ ಶಕ್ತಿ ಉಳಿತಾಯ

ಸುರಪುರದ ಗುಡ್ಡದ ಮೇಲಿರುವ ಟೇಲರ್ ಮಂಜಿಲನ್ನು ನೀವು ನೋಡಿರಬಹುದು. 1840ರ ದಶಕದಲ್ಲಿ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಳ್ಳುತ್ತಿದ್ದ ಫಿಲಿಪ್ ಮೆಡೋಸ್ ಟೇಲರ್ ವಾಸವಾಗಿದ್ದ ಬಂಗಲೆ ಅದು. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಈ ಸೀಮೆಯಲ್ಲಿ ಆಗ ವಿದ್ಯುತ್ ಇರಲಿಲ್ಲ. ಆದರೂ ಕಚೇರಿ, ಅಂಗಡಿಗಳ ಕೆಲಸ ನಡೆಯುತ್ತಿತ್ತು. ಅದು ಹೇಗೆ?

ಉತ್ತರ ಗೋಡೆಯಲ್ಲೇ ಇದೆ. ಯಾದಗಿರಿ, ಶಹಾಪುರ, ಸುರಪುರಗಳ ಹಳೆಯ ಕಟ್ಟಡಗಳ ದಪ್ಪ ಕಲ್ಲುಗೋಡೆ, ಮಣ್ಣಿನ ಮಾಳಿಗೆ, ಮಾಳಿಗೆಯಲ್ಲಿ ಬೆಳಕಿಂಡಿ. ಘನವಸ್ತುಗಳಲ್ಲಿ ಉಷ್ಣ ಹೇಗೆ ಹರಿಯುತ್ತದೆಂಬ ಗಣಿತವನ್ನು ಫ್ರೆಂಚ್ ವಿಜ್ಞಾನಿ ಫೂರಿಯೆ 1822ರಲ್ಲಿ ಪ್ರಕಟಿಸಿದ. ಅದರಂತೆ ಲೆಕ್ಕ ಹಾಕಿದರೆ, ಅರ್ಧ ಮೀಟರ್ ದಪ್ಪದ ಕಲ್ಲುಗೋಡೆಯ ಹೊರಮೈಗೆ ತಾಗಿದ ಬಿಸಿಲಿನ ಪ್ರಭಾವ ಒಳಮೈ ತಲುಪಲು ಸುಮಾರು 10 ಗಂಟೆ ಬೇಕು. ಅಷ್ಟರಲ್ಲಿ ಅದು ಬಹಳ ಕ್ಷೀಣಿಸಿಯೂ ಇರುತ್ತದೆ. ಅಂದರೆ ಮಧ್ಯಾಹ್ನದ ಬಿಸಿ ಒಳಗೆ ಬರುವುದು ಅಂಗಡಿ ಮುಚ್ಚಿದ ಮೇಲೆ! ಫೂರಿಯೆಯ ಹೆಸರು ಕೇಳದ ನಮ್ಮ ಗೌಂಡಿಗಳಿಗೆ ಇದು ಅನುಭವದಿಂದ ತಿಳಿದಿತ್ತು.

ಇಂದಿನ ಕಾಂಕ್ರೀಟ್ ತಾರಸಿಯ ದಪ್ಪ 10–12 ಸೆಂ.ಮೀ. ಮಾತ್ರ. ಎರಡು ಮೂರು ಗಂಟೆಗಳಲ್ಲೇ ಅದು ಒಳಗೆ ಬಿಸಿ ಸೂಸತೊಡಗುತ್ತದೆ. ಗೋಡೆ ಮಾಡುತ್ತಿದ್ದ ಕೆಲಸ ಈಗ ವಿದ್ಯುತ್ತಿನ ಪಾಲಿಗೆ ಬಂದಿದೆ.

1973ರ ತೈಲ ಬಿಕ್ಕಟ್ಟಿನ ನಂತರ ಜಗತ್ತು ಶಕ್ತಿಯ ಮಿತಬಳಕೆಯ ಬಗ್ಗೆ ಗಂಭೀರವಾಗಿ ಯೋಚಿಸತೊಡಗಿತು. ಭಾರತದಲ್ಲಿ ಶಕ್ತಿ ಸಂರಕ್ಷಣಾ ಕಾಯ್ದೆ ಬಂದದ್ದು 2001ರಲ್ಲಿ. 2002ರಲ್ಲಿ ಇಂಧನ ದಕ್ಷತಾ ಬ್ಯೂರೋ ಸ್ಥಾಪನೆಯಾಯಿತು. ಉಪಕರಣಗಳ ಮೇಲಿನ ನಕ್ಷತ್ರ ಗುರುತುಗಳು 2006ರಲ್ಲಿ ಬಂದವು. 2015ರಲ್ಲಿ ಆರಂಭವಾದ 'ಉಜಾಲಾ' ಯೋಜನೆಯಿಂದ ಎಲ್‌ಇಡಿ ಬಲ್ಬುಗಳು ಅಗ್ಗವಾದವು.

ಒಂದು ಲೆಕ್ಕ ಮಾಡೋಣ. ಶಹಾಪುರದ ಒಂದು ಬಟ್ಟೆ ಅಂಗಡಿಯಲ್ಲಿ 10 ಹಳೆಯ ಟ್ಯೂಬ್‌ಲೈಟ್‌ಗಳಿವೆ ಎಂದುಕೊಳ್ಳಿ. ಚೋಕ್ ಸೇರಿ ಒಂದೊಂದಕ್ಕೆ ಸುಮಾರು 52 ವ್ಯಾಟ್ ಬೇಕು. 20 ವ್ಯಾಟ್‌ನ ಎಲ್‌ಇಡಿ ಟ್ಯೂಬ್ ಹಾಕಿದರೆ ಒಟ್ಟು 320 ವ್ಯಾಟ್ ಉಳಿಯುತ್ತದೆ. ದಿನಕ್ಕೆ 10 ಗಂಟೆಯಂತೆ 300 ದಿನಕ್ಕೆ 960 ಯೂನಿಟ್! 1985ರಿಂದ ವಿದ್ಯುತ್ ಉತ್ಪಾದಿಸುತ್ತಿರುವ ರಾಯಚೂರು ಶಾಖೋತ್ಪನ್ನ ಸ್ಥಾವರ ಇಲ್ಲಿಗೆ ದೂರವೇನಲ್ಲ. ಅಂಥ ಸ್ಥಾವರದಲ್ಲಿ ಒಂದು ಯೂನಿಟ್‌ಗೆ ಸುಮಾರು 0.7 ಕಿ.ಗ್ರಾಂ ಕಲ್ಲಿದ್ದಲು ಬೇಕೆಂದು ಹಿಡಿದರೂ, ಒಂದೇ ಅಂಗಡಿಯಿಂದ ವರ್ಷಕ್ಕೆ ಸುಮಾರು 670 ಕಿ.ಗ್ರಾಂ ಕಲ್ಲಿದ್ದಲು ಉಳಿಯಿತು.

ಫ್ಯಾನಿನ ಕಥೆಯೂ ಹೀಗೆಯೇ. ಸಾಮಾನ್ಯ ಸೀಲಿಂಗ್ ಫ್ಯಾನ್ 75 ವ್ಯಾಟ್ ಬಳಸಿದರೆ, ಬ್ರಷ್‌ರಹಿತ ಡಿ.ಸಿ. ಮೋಟರಿನ ಫ್ಯಾನ್‌ಗೆ 30 ವ್ಯಾಟ್ ಸಾಕು. ಹವಾನಿಯಂತ್ರಕದ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆ ಎಂಬುದು ಬ್ಯೂರೋದ ಅಂದಾಜು.

ಆದರೆ ಗಮನಿಸಿ: ತಾರಸಿ ಕಾಯುತ್ತಿದ್ದರೆ ಎಷ್ಟು ನಕ್ಷತ್ರಗಳ ಯಂತ್ರ ತಂದರೂ ಅದು ಬಿಸಿಲಿನೊಡನೆ ಗುದ್ದಾಡುತ್ತಲೇ ಇರುತ್ತದೆ. ಯಂತ್ರ ಕೊಳ್ಳಲಾಗದ ಸಣ್ಣ ಅಂಗಡಿಯ ಕೆಲಸಗಾರನಂತೂ ಇಡೀ ದಿನ ಆ ತಾರಸಿಯ ಕೆಳಗೇ ಬೇಯಬೇಕು. ಹಾಗಾಗಿ ಮೊದಲು ತಾರಸಿಗೆ ಸುಣ್ಣದ ಬಿಳುಪು, ಕಿಟಕಿಗೆ ನೆರಳು, ಯಂತ್ರ ಆಮೇಲೆ.

ಅಧ್ಯಾಪಕರೇ, ಬರುವ ಬೇಸಿಗೆಯಲ್ಲಿ ವಿದ್ಯಾರ್ಥಿಗಳ ಕೈಗೆ ಎರಡು ಉಷ್ಣಮಾಪಕ ಕೊಡಿ. ಒಂದು ಹಳೆಯ ಮಾಳಿಗೆಯ ಅಂಗಡಿಯಲ್ಲಿ, ಇನ್ನೊಂದು ಹೊಸ ಕಾಂಕ್ರೀಟ್ ಅಂಗಡಿಯಲ್ಲಿ ಇರಲಿ. ಗಂಟೆಗೊಮ್ಮೆ ಓದಿ, ನಕ್ಷೆ ಬರೆಯಲಿ. ಫೂರಿಯೆ ಹೇಳಿದ್ದು ಅವರಿಗೆ ತಾನಾಗಿ ಕಾಣಿಸುತ್ತದೆ.