ಭಾರ ಹಂಚುವ ಕೊಂಡಿಯ ಕಥೆ

ಎತ್ತಿನ ಗಾಡಿಗೆ ಹೊರೆ ಹೇರುವುದನ್ನು ನೀವು ಗಮನಿಸಿರಬಹುದು. ಹೊರೆ ಅಚ್ಚಿನ ಹಿಂದಕ್ಕೆ ಹೆಚ್ಚಾದರೆ ಮೂಕಿ ಮೇಲೇಳುತ್ತದೆ, ಮುಂದಕ್ಕೆ ಹೆಚ್ಚಾದರೆ ನೊಗ ಎತ್ತುಗಳ ಹೆಗಲನ್ನು ಒತ್ತುತ್ತದೆ. ಅನುಭವಿ ರೈತ ನೊಗಕ್ಕೆ ಅಲ್ಪ ಭಾರ ಮಾತ್ರ ಬೀಳುವಂತೆ ಹೇರುತ್ತಾನೆ. ಇದೇ ಸಮಸ್ಯೆ ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ ಬೇರೊಂದು ರೂಪದಲ್ಲಿ ಎದುರಾಯಿತು. ಅಲ್ಲಿ ಎತ್ತುಗಳ ಸ್ಥಾನದಲ್ಲಿದ್ದದ್ದು ಕಾರು. ಗಾಡಿಯ ಸ್ಥಾನದಲ್ಲಿ ಹಾಸಿಗೆ, ಒಲೆಗಳಿದ್ದ ಪ್ರವಾಸಿ ಟ್ರೈಲರ್, ಅಂದರೆ ಚಕ್ರಗಳ ಮೇಲಿನ ಪುಟ್ಟ ಮನೆ.

1929ರ ಸುಮಾರಿಗೆ ಡೆಟ್ರಾಯಿಟ್‌ನ ಬ್ಯಾಕ್ಟೀರಿಯಾ ತಜ್ಞ ಆರ್ಥರ್ ಶರ್ಮನ್ ತನ್ನ ಕುಟುಂಬಕ್ಕೆಂದು ಗಟ್ಟಿ ಗೋಡೆಗಳ ಟ್ರೈಲರೊಂದನ್ನು ಕಟ್ಟಿಸಿದ. ಅದಕ್ಕೆ ಬಂದ ಬೇಡಿಕೆಯಿಂದ 'ಕವರ್ಡ್ ವ್ಯಾಗನ್' ಎಂಬ ಕಂಪನಿಯೇ ಹುಟ್ಟಿತು. 1936ರಲ್ಲಿ ವಾಲಿ ಬಯಾಮ್ ಅಲ್ಯೂಮಿನಿಯಂ ಹೊದಿಕೆಯ 'ಏರ್‌ಸ್ಟ್ರೀಮ್ ಕ್ಲಿಪ್ಪರ್' ಅನ್ನು ಮಾರುಕಟ್ಟೆಗೆ ತಂದ. ಟ್ರೈಲರುಗಳು ಬೆಳೆದವು. ಆದರೆ ಅವನ್ನು ಕಾರಿಗೆ ಜೋಡಿಸುತ್ತಿದ್ದುದು ಹಿಂದಿನ ಬಂಪರಿನ ಬಳಿಯ ಒಂದು ಉಕ್ಕಿನ ಗುಂಡು. ಟ್ರೈಲರಿನ ಮೂತಿ ಅದರ ಮೇಲೆ ಕೂರುತ್ತಿತ್ತು.

ತೊಂದರೆ ಎಲ್ಲಿದೆ? ಒಂದು ಲೆಕ್ಕ ಮಾಡಿ ನೋಡೋಣ. ಕಾರಿನ ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ 3 ಮೀಟರ್ ಅಂತರವಿರಲಿ. ಗುಂಡು ಹಿಂದಿನ ಅಚ್ಚಿನಿಂದ 1.25 ಮೀಟರ್ ಹಿಂದಿರಲಿ. ಟ್ರೈಲರಿನ ತೂಕ 2500 ಕಿ.ಗ್ರಾಂ., ಅದರಲ್ಲಿ ಗುಂಡಿನ ಮೇಲೆ ಬೀಳುವುದು 300 ಕಿ.ಗ್ರಾಂ. ಈಗ ಕಾರು ಒಂದು ಸನ್ನೆ. ಹಿಂದಿನ ಅಚ್ಚೇ ಅದರ ಆಧಾರ ಬಿಂದು. 300ನ್ನು 1.25ರಿಂದ ಗುಣಿಸಿ 3ರಿಂದ ಭಾಗಿಸಿದರೆ 125. ಅಂದರೆ ಮುಂದಿನ ಚಕ್ರಗಳ ಮೇಲಿನ ಭಾರ 125 ಕಿ.ಗ್ರಾಂ.ನಷ್ಟು ಕಡಿಮೆಯಾಯಿತು. ಹಿಂದಿನ ಅಚ್ಚಿಗೆ ಹೆಚ್ಚಿದ್ದು 300 ಅಲ್ಲ, 425 ಕಿ.ಗ್ರಾಂ.!

ಕಾರಿನ ಬಾಲ ಕುಗ್ಗಿ ಮೂತಿ ಮೇಲೇಳುವುದು ಕಣ್ಣಿಗೆ ಕಾಣುವ ಪರಿಣಾಮ. ಕಾಣದ ಪರಿಣಾಮ ಇನ್ನೂ ಗಂಭೀರ. ಕಾರನ್ನು ತಿರುಗಿಸುವುದು ಮುಂದಿನ ಚಕ್ರಗಳು. ಬ್ರೇಕಿನ ಹೆಚ್ಚಿನ ಕೆಲಸವೂ ಅವುಗಳದ್ದೇ. ಅವುಗಳ ಮೇಲಿನ ಭಾರ ಇಳಿದರೆ ರಸ್ತೆಯ ಮೇಲಿನ ಹಿಡಿತವೂ ಇಳಿಯುತ್ತದೆ. ರಾತ್ರಿ ಹೆಡ್‌ಲೈಟಿನ ಬೆಳಕು ರಸ್ತೆಯನ್ನು ಬಿಟ್ಟು ಎದುರು ಬರುವವರ ಕಣ್ಣಿಗೆ ಹೊಡೆಯುತ್ತದೆ.

ಇದಕ್ಕೊಂದು ಸೊಗಸಾದ ಪರಿಹಾರ ಬಂದದ್ದು ವಿಮಾನ ರಂಗದಿಂದ. ವಿಮಾನ ನಿರ್ಮಾಣದ ಮೊದಲಿಗರಲ್ಲಿ ಒಬ್ಬನಾದ ಗ್ಲೆನ್ ಕರ್ಟಿಸ್ 1920ರ ದಶಕದ ಕೊನೆಯಲ್ಲಿ 'ಏರೋಕಾರ್' ಎಂಬ ಟ್ರೈಲರನ್ನು ರೂಪಿಸಿದ. ಅದರ ಮೂತಿ ಬಂಪರಿನ ಹಿಂದೆ ನಿಲ್ಲದೆ ಕಾರಿನೊಳಗೆ ಚಾಚಿ ಹಿಂದಿನ ಅಚ್ಚಿನ ಬಳಿ ಕೂರುತ್ತಿತ್ತು. ಸನ್ನೆಯ ತೋಳೇ ಇಲ್ಲವೆಂದ ಮೇಲೆ ಮುಂದಿನ ಚಕ್ರಗಳು ಹಗುರವಾಗುವ ಪ್ರಶ್ನೆಯೇ ಇಲ್ಲ. ಇಂದಿನ 'ಫಿಫ್ತ್ ವೀಲ್' ಟ್ರೈಲರುಗಳ ತತ್ವವೂ ಇದೇ. ಆದರೆ ಇದಕ್ಕೆ ಹಿಂಭಾಗ ತೆರೆದ ವಾಹನ ಬೇಕು. ಸಂಸಾರದ ಕಾರಿನ ಒಡೆಯರಿಗೆ ಗುಂಡು ಬಂಪರಿನ ಹಿಂದೆಯೇ ಇರಬೇಕಿತ್ತು.

ಎರಡನೆಯ ಮಹಾಯುದ್ಧದ ನಂತರ ಟ್ರೈಲರುಗಳು ಇನ್ನಷ್ಟು ಭಾರವಾದವು. 1956ರ ಕಾಯಿದೆಯಿಂದ ಅಂತರರಾಜ್ಯ ಹೆದ್ದಾರಿಗಳ ಜಾಲ ಹರಡತೊಡಗಿ ವೇಗವೂ ಏರಿತು. ಈ ಕಾಲದಲ್ಲಿ ಬಳಕೆಗೆ ಬಂದ ಸಾಧನವೇ ಭಾರ ಹಂಚುವ ಕೊಂಡಿ. ಅದರಲ್ಲಿ ಗುಂಡಿನ ಜೊತೆಗೆ ಸ್ಪ್ರಿಂಗ್ ಉಕ್ಕಿನ ಎರಡು ಸರಳುಗಳಿರುತ್ತವೆ. ಸರಳುಗಳ ಒಂದು ತುದಿ ಕಾರಿನ ಕೊಂಡಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಇನ್ನೊಂದು ತುದಿ ಟ್ರೈಲರಿನ ಚೌಕಟ್ಟಿನ ಕೆಳಗೆ ಹಿಂದಕ್ಕೆ ಚಾಚಿರುತ್ತದೆ. ಆ ತುದಿಯನ್ನು ಸರಪಳಿಯಿಂದ ಮೇಲಕ್ಕೆಳೆದು ಚೌಕಟ್ಟಿಗೆ ಬಿಗಿಯುತ್ತಾರೆ. ಆಗ ಸರಳು ಬಿಲ್ಲಿನಂತೆ ಬಾಗುತ್ತದೆ.

ಕಾರಿನ ಹಿಂಭಾಗಕ್ಕೆ ಎರಡು ಉದ್ದನೆಯ ಹಿಡಿಗಳನ್ನು ಬೆಸೆದು ಯಾರೋ ಎತ್ತುತ್ತಿರುವಂತೆ ಊಹಿಸಿಕೊಳ್ಳಿ. ಹಿಂಭಾಗ ಮೇಲೇಳುತ್ತದೆ, ಮುಂಭಾಗ ನೆಲವನ್ನು ಒತ್ತುತ್ತದೆ. ಸರಳುಗಳು ಆ ಹಿಡಿಗಳು. ಎತ್ತುವವನು ಟ್ರೈಲರಿನ ಮೇಲೆಯೇ ನಿಂತಿದ್ದಾನೆ ಎಂಬುದೇ ಇಲ್ಲಿನ ವಿಶೇಷ. ನ್ಯೂಟನ್‌ನ ಮೂರನೆಯ ನಿಯಮದಂತೆ ಅವನು ಎತ್ತಿದಷ್ಟೇ ಬಲ ಟ್ರೈಲರನ್ನು ಕೆಳಕ್ಕೆ ಒತ್ತುತ್ತದೆ.

ಮತ್ತೆ ನಮ್ಮ ಲೆಕ್ಕಕ್ಕೆ ಬರೋಣ. ಗುಂಡಿನಿಂದ ಟ್ರೈಲರಿನ ಅಚ್ಚಿಗೆ 5 ಮೀಟರ್ ಇರಲಿ. ಮುಂದಿನ ಚಕ್ರಗಳಿಗೆ ಕಳೆದುಹೋದ 125 ಕಿ.ಗ್ರಾಂ. ಪೂರ್ತಿ ಮರಳುವಷ್ಟು ಸರಪಳಿ ಬಿಗಿದರೆ, ಕಾರಿನ ಹಿಂದಿನ ಅಚ್ಚಿಗೆ ಹೆಚ್ಚುವುದು 240 ಕಿ.ಗ್ರಾಂ. ಉಳಿದ 60 ಕಿ.ಗ್ರಾಂ. ಟ್ರೈಲರಿನ ಚಕ್ರಗಳಿಗೇ ವಾಪಸಾಗುತ್ತದೆ. ಒಟ್ಟು ಅದೇ 300. ಒಂದು ಗ್ರಾಂ ಕೂಡ ಮಾಯವಾಗಿಲ್ಲ, ಹಂಚಿಕೆ ಮಾತ್ರ ಬದಲಾಗಿದೆ. ಆದ್ದರಿಂದ ಈ ಕೊಂಡಿ ಹಾಕಿದರೆ ಕಾರು ತನ್ನ ಶಕ್ತಿಗೆ ಮೀರಿದ ಟ್ರೈಲರನ್ನು ಎಳೆಯಬಲ್ಲದು ಎಂದು ಭಾವಿಸುವುದು ತಪ್ಪು.

ಹಾಗಾದರೆ ಕಾರು ಪೂರ್ತಿ ಸಮವಾಗುವವರೆಗೆ ಬಿಗಿಯುವುದೇ ಸರಿಯಲ್ಲವೇ? ಬಹುಕಾಲ ರೂಢಿಯಲ್ಲಿದ್ದ ಸಲಹೆ ಬಹುಮಟ್ಟಿಗೆ ಇದೇ. ಆದರೆ 1970ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ನಡೆದ ಪ್ರಯೋಗಗಳು ಇನ್ನೊಂದು ಮುಖವನ್ನು ತೋರಿಸಿದವು. ತಿರುವಿನಲ್ಲಿ ಟ್ರೈಲರ್ ಗುಂಡನ್ನು ಪಕ್ಕಕ್ಕೆ ತಳ್ಳುತ್ತದೆ. ಆ ತಳ್ಳುವಿಕೆಯನ್ನು ಮುಖ್ಯವಾಗಿ ತಡೆಯಬೇಕಾದದ್ದು ಕಾರಿನ ಹಿಂದಿನ ಟೈರುಗಳು. ಕೊಂಡಿಯನ್ನು ಬಿಗಿದಷ್ಟೂ ಹಿಂದಿನ ಟೈರುಗಳ ಮೇಲಿನ ಭಾರ ಇಳಿಯುತ್ತದೆ, ಹಿಡಿತ ಮುಂದಿನ ಟೈರುಗಳ ಕಡೆ ವಾಲುತ್ತದೆ. ಅತಿಯಾದರೆ ಚಾಲಕ ತಿರುಗಿಸಿದ್ದಕ್ಕಿಂತ ಹೆಚ್ಚಾಗಿ ಕಾರು ತಿರುಗಿ, ಕಾರು ಮತ್ತು ಟ್ರೈಲರ್ ಮಡಚುಗತ್ತಿಯಂತೆ ಮಡಚಿಕೊಳ್ಳುವ ಅಪಾಯವಿದೆ. ಕಣ್ಣಿಗೆ ಸಮವಾಗಿ ಕಾಣುವ ಕಾರು ರಸ್ತೆಯಲ್ಲಿ ಸುರಕ್ಷಿತವಾಗಿರಲೇಬೇಕೆಂದಿಲ್ಲ!

ಈ ತಿಳಿವಳಿಕೆ ಬಳಕೆದಾರರ ಕೈಪಿಡಿಗಳನ್ನು ತಲಪಲು ದಶಕಗಳೇ ಬೇಕಾದವು. 2008ರಲ್ಲಿ ಅಮೆರಿಕದ ವಾಹನ ಎಂಜಿನಿಯರುಗಳ ಸಂಘ ಎಳೆಯುವ ಸಾಮರ್ಥ್ಯವನ್ನು ಅಳೆಯಲು ಜೆ2807 ಎಂಬ ಸಮಾನ ಮಾನಕವನ್ನು ಪ್ರಕಟಿಸಿತು. ಅದಕ್ಕೆ ಮೊದಲು ಪ್ರತಿ ಕಂಪನಿಯೂ ತನ್ನದೇ ಅಳತೆಗೋಲು ಬಳಸುತ್ತಿತ್ತು. ಇಂದು ಹಲವು ವಾಹನಗಳ ಕೈಪಿಡಿಗಳು ಮುಂದಿನ ಚಕ್ರಗಳು ಕಳೆದುಕೊಂಡ ಭಾರದಲ್ಲಿ ಸುಮಾರು ಅರ್ಧವನ್ನಷ್ಟೇ ಮರಳಿಸಲು ಹೇಳುತ್ತವೆ. ವಾಹನದಿಂದ ವಾಹನಕ್ಕೆ ಈ ಪ್ರಮಾಣ ಬೇರೆ.

ಯುರೋಪಿನವರು ಬೇರೆ ದಾರಿ ಹಿಡಿದರು. ಅಲ್ಲಿನ ಕ್ಯಾರವಾನ್‌ಗಳು ಹಗುರ. ಗುಂಡಿನ ಮೇಲೆ ಬೀಳುವ ಭಾರ ಸಾಮಾನ್ಯವಾಗಿ ನೂರು ಕಿ.ಗ್ರಾಂ. ಆಸುಪಾಸು. ವೇಗಕ್ಕೂ ಕಡಿವಾಣವಿದೆ: ಜರ್ಮನಿಯಲ್ಲಿ ಗಂಟೆಗೆ 80 ಕಿ.ಮೀ., ನಿಗದಿತ ಷರತ್ತು ಪೂರೈಸಿದರೆ 100. ಅಮೆರಿಕದಲ್ಲಾದರೋ ಟ್ರೈಲರಿನ ತೂಕದ ಶೇ. 10ರಿಂದ 15ರಷ್ಟು ಗುಂಡಿನ ಮೇಲಿರಬೇಕೆಂಬುದು ವಾಡಿಕೆ, ಏಕೆಂದರೆ ಮುಂಭಾರ ಕಡಿಮೆಯಾದರೆ ವೇಗದಲ್ಲಿ ಟ್ರೈಲರ್ ಬಾಲದಂತೆ ಓಲಾಡುತ್ತದೆ. ಹೆಚ್ಚು ಮುಂಭಾರ ಬೇಕೆಂದವರಿಗೆ ಅದನ್ನು ಹಂಚುವ ಉಪಾಯವೂ ಬೇಕಾಯಿತು.

ಇದನ್ನು ನೀವು ತರಗತಿಯಲ್ಲೇ ತೋರಿಸಬಹುದು. ಅಡುಗೆಮನೆಯ ಎರಡು ತಕ್ಕಡಿಗಳನ್ನು 40 ಸೆಂ.ಮೀ. ಅಂತರದಲ್ಲಿಟ್ಟು, ಪ್ರತಿಯೊಂದರ ಮೇಲೂ ಒಂದು ಪೆನ್ಸಿಲ್ ಅಡ್ಡ ಇಡಿ. ಅವುಗಳ ಮೇಲೆ ಉದ್ದನೆಯ ಮರದ ಪಟ್ಟಿ ಇರಿಸಿ, ನಡುವೆ ಅರ್ಧ ಕಿಲೋ ತೂಕವಿಡಿ. ಈಗ ಪಟ್ಟಿಯ ಒಂದು ತುದಿಯಲ್ಲಿ, ಪೆನ್ಸಿಲಿನಿಂದ 15 ಸೆಂ.ಮೀ. ಆಚೆ, 200 ಗ್ರಾಂ ತೂಗುಹಾಕಿ. ಹತ್ತಿರದ ತಕ್ಕಡಿ 275 ಗ್ರಾಂ ಏರುತ್ತದೆ, ದೂರದ್ದು 75 ಗ್ರಾಂ ಇಳಿಯುತ್ತದೆ. ತೂಗುಹಾಕಿದ್ದನ್ನು ತೆಗೆಯದೆಯೇ ದೂರದ ತಕ್ಕಡಿಯ ಅಂಕಿಯನ್ನು ಹೇಗೆ ಮರಳಿಸುವಿರಿ ಎಂದು ವಿದ್ಯಾರ್ಥಿಗಳನ್ನು ಕೇಳಿ. ಆಮೇಲೆ, ಎಷ್ಟು ಮರಳಿಸಬೇಕು ಎಂದೂ ಕೇಳಿ. ಮೊದಲ ಪ್ರಶ್ನೆಗೆ ಸನ್ನೆಯ ನಿಯಮ ಸಾಕು. ಎರಡನೆಯದಕ್ಕೆ ವಾಹನವನ್ನು ಓಡಿಸಿ, ತಿರುಗಿಸಿ, ಅಳೆದೇ ನೋಡಬೇಕಾಯಿತು.