ಮೊಳೆಯಲು ಹಟ ಹಿಡಿಯುವ ಬೀಜಗಳು: ಮನೆಯಲ್ಲೇ ಮಾಡುವ ಉಪಾಯಗಳು



ಮಡಕಿ ಕಾಳನ್ನು ನೆನೆಸಿ ಬಟ್ಟೆಯಲ್ಲಿ ಕಟ್ಟಿಟ್ಟರೆ ಒಂದೆರಡು ದಿನದಲ್ಲಿ ಮೊಳಕೆ ಬರುತ್ತದೆ. ಆದರೂ ಕೆಲವು ಕಾಳು ಹಾಗೆಯೇ ಉಳಿದು, ಉಸಳಿ ತಿನ್ನುವಾಗ ಹಲ್ಲಿಗೆ ಕಲ್ಲಿನಂತೆ ಸಿಗುತ್ತವೆ. ಅವು ಸತ್ತ ಕಾಳುಗಳಲ್ಲ. ಅವುಗಳ ಗಟ್ಟಿ ಸಿಪ್ಪೆ ನೀರನ್ನು ಒಳಗೆ ಬಿಟ್ಟಿಲ್ಲ, ಅಷ್ಟೇ. ಹಿತ್ತಲಲ್ಲಿ ಮೊಳೆಯದ ಅನೇಕ ಬೀಜಗಳ ಕಥೆಯೂ ಇದೇ. ತವರಿನಿಂದ ಬಂದ ಜವಾರಿ ಬೀಜ ಒಮ್ಮೆ ಕೈಬಿಟ್ಟರೆ ಅದೇ ತಳಿ ಪೇಟೆಯಲ್ಲಿ ಸಿಗುವ ಭರವಸೆಯಿಲ್ಲ. ಆದ್ದರಿಂದ ಚೆಲ್ಲುವ ಮೊದಲು ಕಾರಣ ತಿಳಿಯೋಣ.

ಹಾಗಲ, ಹೀರೆ: ನಮ್ಮ ಸೊಲ್ಲಾಪುರ, ಅಕ್ಕಲಕೋಟೆಯ ಅಂಗಡಿಗಳಲ್ಲಿ ಪಾಕೀಟಿನ ಮೇಲೆ ‘ಕಾರ್ಲೆ’ ಎಂದಿದ್ದರೆ ಹಾಗಲ, ‘ದೋಡಕಾ’ ಎಂದಿದ್ದರೆ ಹೀರೆ. ಬೀಜದ ಚೂಪು ತುದಿಯ ಸಿಪ್ಪೆಯನ್ನು ಉಗುರು ಕತ್ತರಿಯಿಂದ ತುಸುವೇ ಕತ್ತರಿಸಿರಿ. ಒಳಗಿನ ಬಿಳಿ ತಿರುಳಿಗೆ ಪೆಟ್ಟಾಗಬಾರದು. ಉಗುರುಬೆಚ್ಚಗಿನ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿನ ಜಾಗದಲ್ಲಿಡಿ. ಬೇರು ಕಂಡೊಡನೆ ಅರ್ಧ ಇಂಚು ಆಳಕ್ಕೆ ಊರಿರಿ. ಚಳಿಗಾಲದ ತಣ್ಣನೆಯ ಮಣ್ಣಿನಲ್ಲಿ ಇವು ಮೊಳೆಯುವ ಮೊದಲೇ ಕೊಳೆಯುತ್ತವೆ. ಶಿವರಾತ್ರಿ ಕಳೆದ ಮೇಲೆ, ಇಲ್ಲವೇ ಮೃಗಶಿರಾ ಮಳೆಗೆ ಹಾಕುವುದು ಒಳ್ಳೆಯದು.

ಹುಣಸೆ, ಜಾಲಿ: ಇವುಗಳ ಸಿಪ್ಪೆ ಇನ್ನೂ ಗಟ್ಟಿ. ಆಡು ತಿಂದು ಹಿಕ್ಕೆಯಲ್ಲಿ ಹೊರಹಾಕಿದ ಜಾಲಿ ಬೀಜ ಚೆನ್ನಾಗಿ ಮೊಳೆಯುವುದನ್ನು ಕುರುಬರು ಬಲ್ಲರು. ಹೊಟ್ಟೆಯೊಳಗೆ ಸಿಪ್ಪೆ ಮೆತ್ತಗಾಗಿರುತ್ತದೆ. ಮನೆಯಲ್ಲಿ ನೀರು ಕುದಿಸಿ, ಒಲೆಯಿಂದ ಇಳಿಸಿ, ಸ್ವಲ್ಪ ಆರಿದ ಮೇಲೆ ಬೀಜದ ಮೇಲೆ ಸುರಿದು ಒಂದು ದಿನ ಬಿಡಿ. ಒಲೆಯ ಮೇಲಿಟ್ಟು ಬೇಯಿಸಬೇಡಿ. ಉಬ್ಬಿದವನ್ನು ಊರಿರಿ. ಉಬ್ಬದವನ್ನು ಒರಟು ಕಲ್ಲಿಗೆ ಒಂದು ಬದಿ ಉಜ್ಜಿ ಮತ್ತೆ ನೆನೆಸಿರಿ.

ಬೇವು, ಕರಿಬೇವು: ಇಲ್ಲಿ ಮಾತು ಬೇರೆ. ಇವು ಹಟಮಾರಿಗಳಲ್ಲ, ಅಲ್ಪಾಯುಷಿಗಳು. ಹಣ್ಣಿನ ತಿರುಳು ತೊಳೆದು, ನೆರಳಲ್ಲಿ ಆರಿಸಿ, ಒಂದೆರಡು ವಾರದೊಳಗೆ ಊರಬೇಕು. ಮುಂದಿನ ವರ್ಷಕ್ಕೆಂದು ಡಬ್ಬಿಯಲ್ಲಿಟ್ಟರೆ ಯಾವ ಉಪಾಯಕ್ಕೂ ಮೊಳೆಯವು.

ಹಳೆಯ ತರಕಾರಿ ಬೀಜದ ಪರೀಕ್ಷೆ: ಹತ್ತು ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿಟ್ಟು ಹತ್ತು ದಿನ ತೇವ ಆರದಂತೆ ನೋಡಿರಿ. ಎಂಟು ಮೊಳೆತರೆ ಬೀಜ ಉತ್ತಮ. ನಾಲ್ಕೇ ಮೊಳೆತರೆ ಎರಡರಷ್ಟು ಬಿತ್ತಿರಿ. ಒಂದೇ ಮೊಳೆತರೂ ಆ ಒಂದನ್ನು ಜೋಪಾನ ಮಾಡಿ, ಕಾಯಿ ಬಳ್ಳಿಯಲ್ಲೇ ಹಣ್ಣಾಗಲು ಬಿಟ್ಟು ಹೊಸ ಬೀಜ ಮಾಡಿಕೊಳ್ಳಿ.

ಸಂಘದ ಮುಂದಿನ ಸಭೆಗೆ ಬರುವಾಗ ತಮ್ಮಲ್ಲಿರುವ ಜವಾರಿ ಬೀಜ ಒಂದಿಷ್ಟು ತರಬೇಕೆಂದು ವಿನಂತಿ. ಪೊಟ್ಟಣದ ಮೇಲೆ ಊರು, ವರ್ಷ, ಮತ್ತು ಮನೆಯ ಹಿರಿಯರು ಕರೆಯುತ್ತಿದ್ದ ಕನ್ನಡದ ಹೆಸರನ್ನು ತಪ್ಪದೆ ಬರೆಯಿರಿ. ಬೀಜದ ಜೊತೆ ಹೆಸರೂ ಉಳಿಯಲಿ.