ಮೈಸೂರು ಸೀಮೆಯ ಬಾಣಗಳು

ದೀಪಾವಳಿಯ ರಾತ್ರಿ ಸೀಸೆಯೊಳಗೆ ನಿಲ್ಲಿಸಿ ಕಿಡಿ ತಾಗಿಸುವ ವಸ್ತುವನ್ನು ನಮ್ಮ ಮಕ್ಕಳು ರಾಕೆಟ್ ಎನ್ನುತ್ತಾರೆ. ಹಿರಿಯರು ಅದನ್ನು ಬಾಣವೆಂದೇ ಕರೆಯುತ್ತಿದ್ದರು. 'ಬಾಣಬಿರುಸು' ಎಂಬ ಜೋಡುನುಡಿಯಲ್ಲಿ ಆ ಹೆಸರು ಇನ್ನೂ ಉಳಿದುಕೊಂಡಿದೆ. ತರಗತಿಯಲ್ಲಿ ಈ ಮಾತನ್ನೆತ್ತಿದರೆ ಹುಡುಗರು ನಗುತ್ತಾರೆ. ಬಾಣವೆಂದೊಡನೆ ಅವರ ಕಣ್ಣಿಗೆ ಕಟ್ಟುವುದು ಅರ್ಜುನನ ಬತ್ತಳಿಕೆ. ಆದರೆ ಹದಿನೆಂಟನೆಯ ಶತಮಾನದ ಮೈಸೂರು ದಂಡಿನಲ್ಲಿ ಬಾಣಕ್ಕೆ ಬಿಲ್ಲು ಬೇಕಿರಲಿಲ್ಲ. ಅದು ಮದ್ದು ತುಂಬಿದ ಕಬ್ಬಿಣದ ಕೊಳವೆ. ತನ್ನ ಬೆಂಕಿಯ ಬಲದಿಂದ ತಾನೇ ಹಾರುವಂಥದು. ಇಂದು ಪತ್ರಿಕೆಗಳು 'ನೆಲದಿಂದ ನೆಲಕ್ಕೆ ಚಿಮ್ಮುವ ಕ್ಷಿಪಣಿ' ಎಂದು ಉದ್ದವಾಗಿ ಬಣ್ಣಿಸುವುದನ್ನು ಆ ಜನ ಎರಡಕ್ಷರದಲ್ಲಿ ಹೇಳಿ ಮುಗಿಸಿದ್ದರು.

ಇದನ್ನು ಜಗತ್ತಿನಲ್ಲಿ ಮೊದಲು ಕಂಡುಹಿಡಿದವರು ನಾವೇ ಎಂದು ಸಭೆಗಳಲ್ಲಿ ಹೆಮ್ಮೆಪಡುವವರಿದ್ದಾರೆ. ಅದು ಸರಿಯಲ್ಲ. ಚೀನೀಯರು ಶತಮಾನಗಳ ಹಿಂದೆಯೇ ಬಲ್ಲವರಾಗಿದ್ದರು. ಭಾರತದಲ್ಲಿಯೂ ಮೈಸೂರಿಗಿಂತ ಮುಂಚೆಯೇ ಇದರ ಬಳಕೆಯಿತ್ತು. ಮೈಸೂರಿನ ಹೆಚ್ಚುಗಾರಿಕೆ ಬೇರೆಡೆ ಇದೆ. ಬೇರೆಯವರ ಬಾಣಗಳ ಕೊಳವೆ ಕಾಗದದ್ದೋ ಬಿದಿರಿನದೋ ಆಗಿರುತ್ತಿತ್ತು. ಅದರಲ್ಲಿ ಮದ್ದನ್ನು ಗಿಡಿದು ತುಂಬಿದರೆ, ಒಳಗೆ ಹುಟ್ಟುವ ಹೊಗೆಯ ಒತ್ತಡಕ್ಕೆ ಕೊಳವೆಯೇ ಸೀಳಿಹೋಗುವ ಭಯ. ಬಡಿದು ಹದಮಾಡಿದ ಕಬ್ಬಿಣ ಆ ಒತ್ತಡವನ್ನು ತಡೆಯಬಲ್ಲದು. ಒತ್ತಡ ಹೆಚ್ಚಿದಷ್ಟೂ ಹಿಂಬದಿಯ ರಂಧ್ರದಿಂದ ಹೊರನುಗ್ಗುವ ಹೊಗೆಯ ವೇಗ ಹೆಚ್ಚು, ಬಾಣ ಹೋಗುವ ದೂರವೂ ಹೆಚ್ಚು. ಈ ಆಯುಧದ ಗುಟ್ಟು ಮದ್ದಿನವನಲ್ಲಿ ಇದ್ದುದಕ್ಕಿಂತ ಕಮ್ಮಾರನಲ್ಲಿ ಇತ್ತೆಂದು ನನಗೆ ತೋರುತ್ತದೆ.

ಬೆಂಗಳೂರಿನ ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಲ್ಲಿ ಈ ಬಾಣಗಳನ್ನು ಕುರಿತು ಒಂದು ಪ್ರಬಂಧ ಬರೆದರು. ಇಂಗ್ಲೆಂಡಿನ ವುಲ್ವಿಚ್ ಸಂಗ್ರಹಕ್ಕೆ ಸೇರಿದ ಎರಡು ಬಾಣಗಳ ಅಳತೆ ಅದರಲ್ಲಿದೆ. ಒಂದರ ಕೊಳವೆ 254 ಮಿಲಿಮೀಟರ್ ಉದ್ದ, 58 ಮಿಲಿಮೀಟರ್ ದಪ್ಪ; ಅದನ್ನು ಸುಮಾರು ಒಂದು ಮೀಟರ್ ಉದ್ದದ ಕತ್ತಿಯ ಅಲಗಿಗೆ ಚರ್ಮದ ಪಟ್ಟಿಗಳಿಂದ ಬಿಗಿದಿದ್ದಾರೆ. ಇನ್ನೊಂದು ಇದಕ್ಕಿಂತ ಸಣ್ಣದು; ಅದಕ್ಕೆ ಆಳುದ್ದ ಮೀರಿದ ಬಿದಿರುಗಳು. ಹಾರುವಾಗ ತಲೆಕೆಳಗಾಗದಂತೆ ಕಾಪಾಡುವುದು ಈ ಗಳುವಿನ ಕೆಲಸ. ಕತ್ತಿ ಕಟ್ಟಿದ ಬಾಣ ಗುಂಪಿನ ನಡುವೆ ಬಿದ್ದು ಹೊರಳಿದರೆ ಏನಾದೀತೆಂಬುದನ್ನು ವಾಚಕರೇ ಊಹಿಸಬಹುದು.

ಇದರ ಬೀಸು ಎಷ್ಟು? ಎರಡು ಕಿಲೋಮೀಟರ್‌ವರೆಗೂ ಹೋಗುತ್ತಿತ್ತೆಂದು ಕೆಲವರು, ಸಾವಿರ ಗಜ ದಾಟದೆಂದು ಕೆಲವರು. 1988ರಲ್ಲಿ ಮೊದಲು ಹಾರಿದ ನಮ್ಮ 'ಪೃಥ್ವಿ' ಕ್ಷಿಪಣಿ ಒಂದು ಟನ್ ಭಾರ ಹೊತ್ತು 150 ಕಿಲೋಮೀಟರ್ ಹೋಗಬಲ್ಲದು. ಅದರೆದುರು ಇದು ಆಟಿಕೆಯಂತೆ ಕಾಣುತ್ತದೆ. ಆದರೆ ಅಂದಿನ ತುಬಾಕಿ ನೂರು ಗಜದಾಚೆ ಗುರಿ ತಪ್ಪುತ್ತಿತ್ತೆಂಬುದನ್ನು ಮರೆಯಬಾರದು. ಬಾಣವೂ ಗುರಿಕಾರನ ಆಯುಧವಲ್ಲ. ಹತ್ತಿಸಿದವನಿಗೇ ಅದು ಎತ್ತ ತಿರುಗೀತೆಂಬ ಭರವಸೆ ಇರುತ್ತಿರಲಿಲ್ಲ. ಆದಕಾರಣ ಒಂದೊಂದಾಗಿ ಬಿಡದೆ ಹಿಂಡುಹಿಂಡಾಗಿ ಬಿಡುತ್ತಿದ್ದರು. ಭುಸುಗುಡುತ್ತ ನೆಲದ ಮೇಲೆ ಪುಟಿಯುತ್ತ ಬರುವ ಬೆಂಕಿಯನ್ನು ಕಂಡು ಕುದುರೆಗಳು ಚೆದರಿ ಓಡುತ್ತಿದ್ದವು. ಸಾಲುಗಟ್ಟಿ ನಿಂತ ಸಿಪಾಯಿಗಳ ಸಾಲು ಮುರಿಯುತ್ತಿತ್ತು. ಹೈದರಾಲಿಯ ಕಾಲದಲ್ಲಿ 1200ರಷ್ಟಿದ್ದ ಬಾಣದವರು ಟಿಪ್ಪುವಿನ ಕಾಲಕ್ಕೆ 5000ದಷ್ಟಾಗಿದ್ದರೆಂದು ಹೇಳುತ್ತಾರೆ.

1780ರ ಸೆಪ್ಟೆಂಬರ್ 10ರಂದು ಕಂಚಿಯ ಬಳಿಯ ಪೊಲ್ಲಿಲೂರಿನಲ್ಲಿ ಕರ್ನಲ್ ಬೇಲಿಯ ಕುಂಪಣಿ ದಂಡು ನಾಶವಾಯಿತು. ಶ್ರೀರಂಗಪಟ್ಟಣದ ದರಿಯಾ ದೌಲತಿನ ಗೋಡೆಯ ಮೇಲೆ ಆ ದಿನವನ್ನು ಚಿತ್ರಿಸಿದ್ದಾರೆ. ಕುಂಪಣಿಯ ಸೈನ್ಯದ ನಡುವೆ ಮದ್ದಿನ ಬಂಡಿ ಸಿಡಿಯುತ್ತಿರುವುದನ್ನು ಇಂದಿಗೂ ನೋಡಬಹುದು. ಅದನ್ನು ಹೊತ್ತಿಸಿದ್ದು ಬಾಣವೇ ಎಂಬುದು ಜನಜನಿತವಾದ ಮಾತು. ಫಿರಂಗಿಯ ಗುಂಡೂ ಆಗಿರಬಹುದೆನ್ನುವವರಿದ್ದಾರೆ. ಚಿತ್ರಕಾರ ಈ ಜಗಳವನ್ನು ತೀರಿಸಿಲ್ಲ.

ಬಾಣದ ಪ್ರಭಾವ ಸಂಶಯಕ್ಕೆಡೆಯಿಲ್ಲದೆ ಕಾಣುವುದು 1799ರಲ್ಲಿ. ಏಪ್ರಿಲ್ 5ರ ಕತ್ತಲಲ್ಲಿ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಶ್ರೀರಂಗಪಟ್ಟಣದೆದುರಿನ ಸುಲ್ತಾನ್‌ಪೇಟೆಯ ತೋಪನ್ನು ಹಿಡಿಯಲು ನುಗ್ಗಿದ. ಮರಗಳ ಮರೆಯಿಂದ ಬಾಣಗಳೂ ಗುಂಡುಗಳೂ ಒಮ್ಮೆಗೇ ಸುರಿದುವು. ದಂಡು ದಿಕ್ಕೆಟ್ಟಿತು, ವೆಲ್ಲೆಸ್ಲಿಯ ಮೊಣಕಾಲಿಗೆ ಪೆಟ್ಟಾಯಿತು, ಕೆಲವರು ಸೆರೆಸಿಕ್ಕರು. ಮರುದಿನ ಹಗಲಿನಲ್ಲಿ ಹೆಚ್ಚಿನ ಬಲದೊಡನೆ ಬಂದು ಆ ತೋಪನ್ನು ಹಿಡಿದನೆನ್ನಿ. ಮುಂದೆ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್ ಪ್ರಭು ಇವನೇ. ಬಾಣಗಳ ಮೇಲೆ ಈ ಪ್ರಭುವಿಗೆ ಅನಂತರವೂ ಒಲವು ಬರಲಿಲ್ಲವಂತೆ; ಆಶ್ಚರ್ಯವೇನು!

ಮೇ 4ರಂದು ಕೋಟೆ ಬಿದ್ದಿತು, ಟಿಪ್ಪು ಮಡಿದ. ಗೆದ್ದವರು ಲೆಕ್ಕ ಹಾಕಿದಾಗ ಹಾರಿಸಲು ಸಿದ್ಧವಾದ 700 ಬಾಣಗಳೂ ಇನ್ನೂ ಮದ್ದು ತುಂಬದ 9000 ಕೊಳವೆಗಳೂ ಸಿಕ್ಕಿದುವೆಂದು ಹೇಳುತ್ತಾರೆ. ಕಮ್ಮಾರರು ತಮ್ಮ ಕೆಲಸ ಮುಗಿಸಿದ್ದರು. ಮದ್ದಿಗಾಗಿ ಕಾದಿದ್ದವು ಕೊಳವೆಗಳು.

ಮುಂದಿನ ಕಥೆ ವುಲ್ವಿಚ್ಚಿನದು. ಅಲ್ಲಿನ ಆಯುಧಶಾಲೆಯ ಅಧಿಕಾರಿಯ ಮಗ ವಿಲಿಯಂ ಕಾಂಗ್ರೀವ್ 1804ರಿಂದ ಪ್ರಯೋಗಗಳನ್ನು ನಡೆಸಿ, ಇನ್ನೂ ದೊಡ್ಡ ಕಬ್ಬಿಣದ ಬಾಣಗಳನ್ನು ಸಿದ್ಧಮಾಡಿದ. 1806ರಲ್ಲಿ ಬುಲೋನ್ ಬಂದರಿನ ಮೇಲೆ, 1807ರಲ್ಲಿ ಕೋಪನ್‌ಹೇಗನ್ ನಗರದ ಮೇಲೆ, 1814ರಲ್ಲಿ ಅಮೆರಿಕದ ಬಾಲ್ಟಿಮೋರ್ ಕೋಟೆಯ ಮೇಲೆ ಅವು ಬಿದ್ದುವು. ಭಾರತದಲ್ಲಿ ಬಾಣಗಳಿದ್ದುದು ತನಗೆ ತಿಳಿದಿತ್ತೆಂದು ಕಾಂಗ್ರೀವ್ ಒಪ್ಪಿಕೊಂಡ. ಆದರೆ ಅವು ಸಣ್ಣವು, ಸಾವಿರ ಗಜ ಮೀರವು ಎಂದು ತೂಕ ಇಳಿಸಿ ಹೇಳಿದ. ಸಾಲ ತೆಗೆದವನು ಸಾಲ ಕೊಟ್ಟವನನ್ನು ಹೊಗಳುವುದು ಅಪರೂಪ. ಇಷ್ಟಾಗಿ, ವುಲ್ವಿಚ್ಚಿನವರು ಅಳೆದರು, ಪರೀಕ್ಷಿಸಿದರು, ಬರೆದಿಟ್ಟರು. ಇಲ್ಲಿ 'ಫತ್‌ಹುಲ್ ಮುಜಾಹಿದೀನ್' ಎಂಬ ಪಾರಸಿ ಸೈನ್ಯಗ್ರಂಥದಲ್ಲಿ ಬಾಣದವರ ಪ್ರಸ್ತಾಪವೇನೋ ಉಂಟು. ಕಬ್ಬಿಣವನ್ನು ಹದಮಾಡಿದವರ ಹೆಸರು ಮಾತ್ರ ಇತಿಹಾಸದ ಪುಟಗಳಲ್ಲಿ ಉಳಿಯಲಿಲ್ಲ. ದಂಡು ಚೆದರಿದೊಡನೆ ಕುಲುಮೆಯ ಆ ವಿದ್ಯೆಯೂ ಆರಿತು.

ಅವರ ಕೈಕೆಲಸ ಮತ್ತೆ ಬೆಳಕಿಗೆ ಬಂದುದು ಆಕಸ್ಮಿಕವಾಗಿ. ಹೊಸನಗರ ತಾಲ್ಲೂಕಿನ ನಗರ ಹಿಂದೆ ಕೆಳದಿ ಅರಸರ ಬಿದನೂರು. 1763ರಲ್ಲಿ ಹೈದರನ ಕೈಸೇರಿತು. ಅಲ್ಲಿನ ಒಂದು ಬತ್ತಿದ ಬಾವಿಯ ಮಣ್ಣಿನಲ್ಲಿ ಮದ್ದಿನ ವಾಸನೆ ಹೊಡೆಯುತ್ತಿತ್ತಂತೆ. 2018ರ ಜುಲೈಯಲ್ಲಿ ಪುರಾತತ್ತ್ವ ಇಲಾಖೆಯವರು ಅಗೆದಾಗ ಸಾವಿರಕ್ಕೂ ಮಿಕ್ಕಿದ ಬಾಣಗಳು ಒಂದರ ಮೇಲೊಂದು ಬಿದ್ದಿದ್ದುವು. ಶಿವಮೊಗ್ಗದ ವಸ್ತುಸಂಗ್ರಹಾಲಯದಲ್ಲಿ ಅವುಗಳೆದುರು ನಿಂತು ನೋಡಿದೆ. ಒಂದು ಗೇಣಿಗಿಂತ ತುಸು ಉದ್ದ. ತುಕ್ಕು ತಿಂದು ಹೊಟ್ಟೆಯುಬ್ಬಿದ ಕೊಳವೆಗಳು. ಪಕ್ಕದಲ್ಲಿದ್ದ ಹಳ್ಳಿಯ ಮುದುಕರೊಬ್ಬರು ಬಗ್ಗಿ ನೋಡಿ, "ಇದು ನೀರಿನ ಪೈಪಾ, ಸ್ವಾಮಿ?" ಎಂದು ಕೇಳಿದರು. ಬಾಣ ಎಂದೆ. ಅವರಿಗೆ ಆ ಮಾತು ಒಡನೆ ತಿಳಿಯಿತು. "ಹಾಗಾದರೆ ಕಮ್ಮಾರರ ಕೆಲಸವೇ ಸರಿ," ಎಂದು ಇನ್ನೊಮ್ಮೆ ಬಗ್ಗಿದರು.